ಕೆಂಪು ನೆಲದಲ್ಲಿ ಎರಡು ಪಯಣ

ಕ್ರಿಸ್ತಜಯಂತಿಯ ನಂತರ ಬರುವ ಭಾನುವಾರವನ್ನು ಧರ್ಮಸಭೆಯು ಪವಿತ್ರ ಕುಟುಂಬದ ಹಬ್ಬವನ್ನಾಗಿ ಆಚರಿಸುತ್ತದೆ. 1921ರಲ್ಲಿ ಜಗದ್ಗುರು ಹದಿನೈದನೆಯ ಬೆನೆಡಿಕ್ಟರು ಈ ಹಬ್ಬವನ್ನು ಸಮಸ್ತ ಧರ್ಮಸಭೆಗೆ ವಿಸ್ತರಿಸಿದರು. ಅಂದು ನಾವು ಸಾಮಾನ್ಯವಾಗಿ ನೆನೆಯುವುದು ನಜರೇತಿನ ಮನೆಯನ್ನು. ಬಡಗಿಯ ಉಳಿ ಸುತ್ತಿಗೆಯನ್ನು, ತಾಯಿಯ ಒಲೆಯನ್ನು, ಬಾಲಯೇಸುವಿನ ವಿಧೇಯತೆಯನ್ನು. ಆದರೆ ನಜರೇತಿನಲ್ಲಿ ನೆಲೆಯೂರುವುದಕ್ಕೆ ಮುನ್ನ ಆ ಕುಟುಂಬ ದೀರ್ಘವಾದ ಪಯಣವೊಂದನ್ನು ಮಾಡಿತ್ತು. ಹೆರೋದನ ಕತ್ತಿಗೆ ಅಂಜಿ, ರಾತ್ರೋರಾತ್ರಿ ಹಸುಗೂಸನ್ನೆತ್ತಿಕೊಂಡು ಈಜಿಪ್ಟಿಗೆ ಹೊರಟ ಆ ಪಯಣವನ್ನು ಸಂತ ಮತ್ತಾಯರು ಕೆಲವೇ ವಾಕ್ಯಗಳಲ್ಲಿ ಹೇಳಿ ಮುಗಿಸಿದ್ದಾರೆ. ಬೆತ್ಲೆಹೇಮಿನಿಂದ ಈಜಿಪ್ಟಿನವರೆಗೆ ನಡುವೆ ಇದ್ದದ್ದು ಮರಳುಗಾಡು. ಅವರು ಅದನ್ನು ನೋಡಲೆಂದು ಹೋದವರಲ್ಲ. ದಾಟಲೇಬೇಕಾಗಿತ್ತು, ದಾಟಿದರು.

ಇಂದಿನ ನಮ್ಮ ಕುಟುಂಬಗಳು ಪ್ರವಾಸಕ್ಕೆಂದು ಹೊರಡುತ್ತವೆ. ಕಾರಿನಲ್ಲಿ ತಂಪು ಗಾಳಿ, ಕೈಯಲ್ಲಿ ದಾರಿ ತೋರುವ ಫೋನು, ಡಿಕ್ಕಿಯಲ್ಲಿ ಬುತ್ತಿ. ಅದರಲ್ಲಿ ತಪ್ಪೇನೂ ಇಲ್ಲ. ಒಂದೇ ವಾಹನದಲ್ಲಿ ಮೂರು ತಲೆಮಾರುಗಳು ನಾಲ್ಕು ದಿನ ಕುಳಿತಿರುವುದು ಈ ಕಾಲದಲ್ಲಿ ದೊಡ್ಡ ಭಾಗ್ಯವೇ ಸರಿ. ನಮ್ಮ ಕುಟುಂಬಕ್ಕೆ 2024ರಲ್ಲಿ ಅಂತಹ ಭಾಗ್ಯ ಎರಡು ಬಾರಿ ಒದಗಿತು. ಮೊದಲನೆಯದು ಏಪ್ರಿಲ್ ತಿಂಗಳಿನಲ್ಲಿ, ಅಮೆರಿಕದ ಅರಿಜೋನಾ ಮತ್ತು ಯೂಟಾ ರಾಜ್ಯಗಳ ಕಂದರಗಳಿಗೆ. ಎರಡನೆಯದು ಡಿಸೆಂಬರ್ 28ರಂದು, ಕಲಬುರಗಿಯಿಂದ ಕಮಲಾಪುರಕ್ಕೆ, ಅಲ್ಲಿಂದ ಚಿಂಚೋಳಿಯ ಕಾಡಿಗೆ. ಮೊದಲನೆಯದಕ್ಕೆ ಹೊರಡಲು ಕೆಲವು ತಿಂಗಳ ಸಿದ್ಧತೆ ಸಾಕಾಯಿತು. ಎರಡನೆಯದಕ್ಕೆ ಹೊರಡಲು ನನಗೆ ನಲವತ್ತಾರು ವರ್ಷ ಹಿಡಿಯಿತು. ಈ ಬರಹ ಆ ವಿಳಂಬವನ್ನು ಕುರಿತದ್ದು.

ಬರಡು ನೆಲ ಎಂಬ ಮಾತು

ನಾನು ಕರಾವಳಿಯವನು. 1978ರಲ್ಲಿ ಶಿಕ್ಷಕನ ಕೆಲಸ ಹಿಡಿದು ಆಗಿನ ಗುಲಬರ್ಗಕ್ಕೆ ಬಂದೆ. ಊರಿಗೆ ಬರೆದ ಮೊದಲ ಕಾಗದದಲ್ಲಿಯೇ ಇಲ್ಲಿಯ ಬಿಸಿಲನ್ನು, ಧೂಳನ್ನು, ಕೊಡ ನೀರಿಗಾಗಿ ನಿಲ್ಲಬೇಕಾದ ಸರದಿಯನ್ನು ವರ್ಣಿಸಿ, "ಇದು ಬರಡು ನೆಲ, ನೋಡುವಂತಹುದು ಏನೂ ಇಲ್ಲ" ಎಂದು ಮುಗಿಸಿದ್ದೆ. ಆ ಕಾಗದವನ್ನು ಓದಿದ ನನ್ನ ತಾಯಿ ಜಪಸರದಲ್ಲಿ ನನಗಾಗಿ ಒಂದು ಹೆಚ್ಚಿನ ಪ್ರಾರ್ಥನೆ ಸೇರಿಸಿದರಂತೆ. ಮುಂದೆ ಮದುವೆಯಾಯಿತು, ಮಕ್ಕಳಾದರು, ಇಲ್ಲಿಯೇ ಒಂದು ಮನೆಯೂ ಆಯಿತು. ಆದರೆ ಆ ವಾಕ್ಯ ಬದಲಾಗಲಿಲ್ಲ. ಶಾಲೆಗೆ ರಜೆ ಬಂದ ದಿನವೇ ಮಂಗಳೂರಿನ ಬಸ್ಸು ಹತ್ತುತ್ತಿದ್ದೆವು. ಮಕ್ಕಳಿಗೆ ಹಸಿರೆಂದರೆ ಅಜ್ಜಿಯ ಊರು. ಬಿಸಿಲೆಂದರೆ ನಮ್ಮ ಊರು. ತಂದೆ ಹೇಳಿದ ಮಾತನ್ನು ಮಕ್ಕಳು ನಂಬುತ್ತಾರೆ.

ಮಗಳು ಮದುವೆಯಾಗಿ ಅಮೆರಿಕಕ್ಕೆ ಹೋಗಿ ಫೀನಿಕ್ಸ್ ನಗರದಲ್ಲಿ ನೆಲೆಸಿದಳು. ಆ ನಗರದಲ್ಲಿ ವರ್ಷವಿಡೀ ಬೀಳುವ ಮಳೆ ಸುಮಾರು 200 ಮಿಲಿಮೀಟರ್. ನಾನು ಬರಡೆಂದು ಕರೆದ ಕಲಬುರಗಿಯಲ್ಲಿ ಬೀಳುವ ಮಳೆ 700 ಮಿಲಿಮೀಟರಿಗೂ ಹೆಚ್ಚು. ಈ ಲೆಕ್ಕವನ್ನು ನಾನು ಅಲ್ಲಿಗೆ ಹೋಗುವವರೆಗೆ ಒಮ್ಮೆಯೂ ಮಾಡಿರಲಿಲ್ಲ.

ಕಂದರದ ಅಂಚಿನಲ್ಲಿ ಬಲಿಪೂಜೆ

ಪಾಸ್ಖ ಹಬ್ಬದ ವಾರದ ಕೊನೆಯಲ್ಲಿ ನಾವು ಆರು ಮಂದಿ ಫೀನಿಕ್ಸಿನಿಂದ ಹೊರಟೆವು: ನಾನು, ನನ್ನ ಪತ್ನಿ, ಮಗಳು, ಅಳಿಯ, ಹನ್ನೊಂದರ ಮೊಮ್ಮಗ, ಎಂಟರ ಮೊಮ್ಮಗಳು. ಗ್ರಾಂಡ್ ಕ್ಯಾನ್ಯನ್ನಿನ ದಕ್ಷಿಣದ ಅಂಚು ಅಲ್ಲಿಂದ ಸುಮಾರು 370 ಕಿಲೋಮೀಟರ್. ಕೈಯೆತ್ತಿ ನಿಂತ ಮನುಷ್ಯರಂತೆ ತೋರುವ ಎತ್ತರದ ಪಾಪಾಸುಕಳ್ಳಿಗಳ ನಡುವಿನಿಂದ ಆರಂಭವಾದ ದಾರಿ ಏರುತ್ತ ಏರುತ್ತ ಪೈನ್ ಮರಗಳ ಕಾಡನ್ನು ಹೊಕ್ಕಿತು. ಅಂಚಿನ ಎತ್ತರ ಸಮುದ್ರಮಟ್ಟದಿಂದ 2,100 ಮೀಟರಿನಷ್ಟು. ಕಾರಿನಿಂದಿಳಿದು ನೂರು ಹೆಜ್ಜೆ ನಡೆದರೆ ಇದ್ದಕ್ಕಿದ್ದಂತೆ ನೆಲ ಮುಗಿದುಹೋಗುತ್ತದೆ. ಮುಂದೆ 446 ಕಿಲೋಮೀಟರ್ ಉದ್ದ, ಕೆಲವೆಡೆ 29 ಕಿಲೋಮೀಟರ್ ಅಗಲ, ಒಂದೂವರೆ ಕಿಲೋಮೀಟರಿಗೂ ಮಿಕ್ಕ ಆಳದ ಕಂದರ. ಐವತ್ತು ಅರವತ್ತು ಲಕ್ಷ ವರ್ಷಗಳಿಂದ ಕೊಲರಾಡೊ ನದಿ ಅದನ್ನು ಕೊರೆಯುತ್ತ ಬಂದಿದೆ. ತಳದ ಬಂಡೆಗಳ ವಯಸ್ಸು 170 ಕೋಟಿ ವರ್ಷಗಳಿಗೂ ಹೆಚ್ಚು. ನನ್ನ ಪತ್ನಿ ಶಿಲುಬೆಯ ಗುರುತು ಹಾಕಿಕೊಂಡಳು. ಬೇರೆ ಏನು ಮಾಡಬೇಕೆಂದು ನಮಗೂ ತೋಚಲಿಲ್ಲ.

ಮರುದಿನ ದೈವಕರುಣೆಯ ಭಾನುವಾರ. ಅಳಿಯನ ಕಾರ್ಯಕ್ರಮದ ಪ್ರಕಾರ ಬೆಳಗ್ಗೆ ಆರಕ್ಕೇ ಉತ್ತರದ ಕಡೆಗೆ ಹೊರಡಬೇಕಾಗಿತ್ತು. ಹಿಂದಿನ ರಾತ್ರಿ ನನ್ನ ಪತ್ನಿ, "ನಾಳೆ ಭಾನುವಾರ, ಬಲಿಪೂಜೆ ಎಲ್ಲಿ?" ಎಂದು ಕೇಳಿದಾಗ ಕೋಣೆಯಲ್ಲಿ ಮೌನ ಕವಿಯಿತು. ಪ್ರಯಾಣಿಕರಿಗೆ ವಿನಾಯಿತಿ ಉಂಟು ಎಂದು ಅಳಿಯ ಮೆಲ್ಲನೆ ಹೇಳಿದ. ಅವರು ಭಾನುವಾರಗಳಲ್ಲಿ ದೇವಾಲಯಕ್ಕೆ ಹೋಗುವುದು ಅಪರೂಪವಾಗಿದೆಯೆಂಬ ಸಂಗತಿ ನಮಗೆ ಗೊತ್ತಿತ್ತು; ನಮಗೆ ಗೊತ್ತಿರುವುದು ಅವರಿಗೂ ಗೊತ್ತಿತ್ತು. ಕೊನೆಗೆ ಮೊಮ್ಮಗನೇ ನಕ್ಷೆಯಲ್ಲಿ ಹುಡುಕಿ, ರಾಷ್ಟ್ರೀಯ ಉದ್ಯಾನದ ಒಳಗೆಯೇ ಕ್ರಿಸ್ತರಾಜನ ಹೆಸರಿನ ಕಥೋಲಿಕ ದೇವಾಲಯವಿರುವುದನ್ನು ತೋರಿಸಿದ. ಸ್ಪ್ಯಾನಿಷ್ ಭಾಷೆಯಲ್ಲಿ ಅದಕ್ಕೆ ಎಲ್ ಕ್ರಿಸ್ತೊ ರೇ ಎಂದು ಹೆಸರು. ಮರುದಿನ ಆರು ಮಂದಿಯೂ ಹೋದೆವು. ಉದ್ಯಾನದ ನೌಕರರೂ ನಮ್ಮಂತಹ ದಾರಿಹೋಕರೂ ಸೇರಿದ್ದ ಚಿಕ್ಕ ಸಭೆ. ಪರಮಪ್ರಸಾದ ಸ್ವೀಕರಿಸಿ ಬಂದ ಮಗಳು ಬಹಳ ಹೊತ್ತು ತಲೆ ಎತ್ತಲಿಲ್ಲ. ಅದರ ಬಗ್ಗೆ ನಾವು ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಪೂಜೆಯ ನಂತರ ಬಾಗಿಲಲ್ಲಿ ಅಲ್ಲಿಯೇ ದುಡಿಯುವ ವೃದ್ಧರೊಬ್ಬರು ಮಾತಿಗೆ ಸಿಕ್ಕರು. ಅವರು ಆ ನೆಲದ ಮೂಲನಿವಾಸಿಗಳಾದ ನವಾಹೊ ಜನಾಂಗದವರು. ನಾವು ಭಾರತದವರೆಂದು ತಿಳಿದು, "ನಿಮ್ಮ ನೆಲ ಹೇಗಿದೆ?" ಎಂದು ಕೇಳಿದರು. ಊರು ಯಾವುದು, ಕೆಲಸ ಏನು ಎಂದು ಕೇಳಲಿಲ್ಲ. ನೆಲ ಹೇಗಿದೆ ಎಂದು ಕೇಳಿದರು. ನನ್ನ ಬಾಯಿಂದ ಅಭ್ಯಾಸಬಲದಿಂದ ಅದೇ ಉತ್ತರ ಬಂದಿತು: "ಒಣ ನೆಲ, ನೋಡುವಂತಹುದು ಏನೂ ಇಲ್ಲ." ಅವರು ಮುಗುಳ್ನಕ್ಕು, "ಇಲ್ಲಿಗೆ ಬಂದವರೂ ಮೊದಲು ಹಾಗೆಯೇ ಬರೆದರು" ಎಂದರು.

ಅವರ ಮಾತು ನಿಜ. 1857-58ರಲ್ಲಿ ಕೊಲರಾಡೊ ನದಿಯನ್ನು ಶೋಧಿಸಲು ಬಂದ ಅಮೆರಿಕದ ಸೇನಾಧಿಕಾರಿ ಜೋಸೆಫ್ ಐವ್ಸ್ ಎಂಬವನು, ಇದು ಯಾವ ಪ್ರಯೋಜನಕ್ಕೂ ಬಾರದ ಪ್ರದೇಶ, ನಮ್ಮ ನಂತರ ಬಿಳಿಯರಾರೂ ಇತ್ತ ತಲೆಹಾಕಲಾರರು ಎಂಬರ್ಥದ ಮಾತನ್ನು 1861ರಲ್ಲಿ ಪ್ರಕಟವಾದ ತನ್ನ ವರದಿಯಲ್ಲಿ ಬರೆದಿಟ್ಟಿದ್ದಾನೆ. 1919ರ ಫೆಬ್ರವರಿ 26ರಂದು ಅದೇ ಪ್ರದೇಶ ರಾಷ್ಟ್ರೀಯ ಉದ್ಯಾನವಾಯಿತು. ಈಗ ವರ್ಷಕ್ಕೆ ನಲವತ್ತು ಲಕ್ಷಕ್ಕೂ ಹೆಚ್ಚು ಜನ ಅದನ್ನು ನೋಡಲು ಬರುತ್ತಾರೆ. ಬಂಡೆ ಬದಲಾಗಲಿಲ್ಲ, ನೋಡುವ ಕಣ್ಣು ಬದಲಾಯಿತು.

ಇಬ್ಬರು ಗುರುಗಳ ದಾರಿ

ಅಲ್ಲಿಂದ ಉತ್ತರಕ್ಕೆ ಸಾಗಿ ಗ್ಲೆನ್ ಕ್ಯಾನ್ಯನ್ ಅಣೆಕಟ್ಟಿನ ಹಿನ್ನೀರಿನ ಬಳಿ ನಿಂತೆವು. ಈ ನೀರಿನ ಅಡಿಯಲ್ಲಿ ನಮ್ಮ ಧರ್ಮಸಭೆಯ ಇತಿಹಾಸದ ಒಂದು ಪುಟ ಮುಳುಗಿದೆ. 1776ರ ಜುಲೈ 29ರಂದು ಡೊಮಿಂಗೆಸ್ ಮತ್ತು ಎಸ್ಕಲಾಂತೆ ಎಂಬ ಇಬ್ಬರು ಫ್ರಾನ್ಸಿಸ್ಕನ್ ಗುರುಗಳು ಕೆಲವೇ ಸಂಗಡಿಗರೊಡನೆ ಸಾಂತಾ ಫೆ ಪಟ್ಟಣದಿಂದ ಹೊರಟರು. ಪಶ್ಚಿಮ ಕರಾವಳಿಯ ಮೊಂತೆರೆಯವರೆಗೆ ದಾರಿ ಕಂಡುಹಿಡಿಯುವುದು ಅವರ ಉದ್ದೇಶ. ಅಕ್ಟೋಬರಿನಲ್ಲಿ ಹಿಮ ಬಿದ್ದಿತು, ಆಹಾರ ಮುಗಿಯುತ್ತ ಬಂದಿತು. ಮುಂದೆ ಹೋಗುವುದೇ ಹಿಂದಿರುಗುವುದೇ ಎಂಬ ವಿವಾದ ಎದ್ದಾಗ, ಅಕ್ಟೋಬರ್ 11ರಂದು ಪ್ರಾರ್ಥನೆ ಸಲ್ಲಿಸಿ ಚೀಟಿ ಎತ್ತಿದರು. ಚೀಟಿ ಹಿಂದಿರುಗಲು ಹೇಳಿತು. ಹಿಂದಿರುಗುವ ದಾರಿಯಲ್ಲಿ ಈ ಕಂದರ ಅಡ್ಡ ಬಂದಿತು. ತಮ್ಮ ಕುದುರೆಗಳನ್ನೇ ಕೊಂದು ತಿನ್ನಬೇಕಾದ ಸ್ಥಿತಿ ಒದಗಿತು. ಕೊನೆಗೆ ನವೆಂಬರ್ 7ರಂದು ಬಂಡೆಯಲ್ಲಿ ಮೆಟ್ಟಿಲು ಕಡಿದು, ಪ್ರಾಣಿಗಳನ್ನು ಇಳಿಸಿ, ಹೊಳೆಯನ್ನು ದಾಟಿದರು. 1777ರ ಜನವರಿ 2ರಂದು ಸಾಂತಾ ಫೆ ತಲುಪಿದರು.

ಲೋಕದ ದೃಷ್ಟಿಯಲ್ಲಿ ಅದು ಸೋತ ಪಯಣ. ಆದರೆ ಅವರ ದಿನಚರಿಯೂ ಅವರೊಡನಿದ್ದ ಮಿಯೆರಾ ಬರೆದ ನಕ್ಷೆಯೂ ಉಳಿದವು. ಆ ದಿನಚರಿಯಿಂದ ತಿಳಿಯುವ ಇನ್ನೊಂದು ಸಂಗತಿಯೆಂದರೆ, ದಾರಿಯುದ್ದಕ್ಕೂ ಅವರನ್ನು ಕಾಪಾಡಿದವರು ಅಲ್ಲಿಯ ಮೂಲನಿವಾಸಿಗಳು. ನೀರಿರುವ ಎಡೆಯನ್ನು ತೋರಿಸಿದವರು, ತಿನ್ನಲು ಕೊಟ್ಟವರು ಅವರೇ. ಯಾರೂ ಇಲ್ಲದ ನೆಲ ಎಂದು ನಾವು ತಿಳಿದಲ್ಲಿ ಯಾರೋ ಇದ್ದೇ ಇರುತ್ತಾರೆ.

ಈ ಮಾತಿಗೆ ಕಹಿಯಾದ ಒಂದು ಮುಖವೂ ಇದೆ. ಗ್ರಾಂಡ್ ಕ್ಯಾನ್ಯನ್ನಿನ ಒಡಲಲ್ಲಿ ನೂರಾರು ವರ್ಷ ಬಾಳಿದ ಹವಾಸುಪಾಯಿ ಜನರನ್ನು ಉದ್ಯಾನದ ಸಲುವಾಗಿ ಅವರ ತೋಟಗಳಿಂದ ಹೊರಹಾಕಲಾಗಿತ್ತು. 1975ರಲ್ಲಿ ಒಂದು ಲಕ್ಷ ಎಂಬತ್ತೈದು ಸಾವಿರ ಎಕರೆಯಷ್ಟು ನೆಲ ಅವರಿಗೆ ಮರಳಿ ದೊರೆಯಿತು. ಅವರು ಹಿಂದೆ ಬೇಸಾಯ ಮಾಡುತ್ತಿದ್ದ ಒಂದು ಸ್ಥಳಕ್ಕೆ 2022ರಲ್ಲಿ ಮರಳಿ ಅವರ ಹೆಸರನ್ನಿಡಲಾಯಿತು. ಸೃಷ್ಟಿಯನ್ನು ಕಾಪಾಡುವ ಉತ್ಸಾಹದಲ್ಲಿ ಮನುಷ್ಯನನ್ನು ಮರೆತರೆ ಆಗುವ ಅನ್ಯಾಯಕ್ಕೆ ಇದು ಸಾಕ್ಷಿ.

ಮುಂದಿನ ಎರಡು ದಿನ ಝಯಾನ್ ಮತ್ತು ಬ್ರೈಸ್ ಉದ್ಯಾನಗಳನ್ನು ಕಂಡೆವು. ಝಯಾನಿನಲ್ಲಿ ಕೆಂಪು ಬಂಡೆಯ ಗೋಡೆಗಳು ಎರಡೂ ಬದಿಗೆ ಆರುನೂರು ಮೀಟರಿನಷ್ಟು ಎದ್ದು ನಿಂತಿವೆ. 1916ರಲ್ಲಿ ಬಂದ ಮೆಥೊಡಿಸ್ಟ್ ಬೋಧಕರೊಬ್ಬರು ಅಲ್ಲಿಯ ಶಿಖರಗಳಿಗೆ ದೇವದೂತರ ಇಳಿದಾಣ, ಮಹಾ ಶ್ವೇತ ಸಿಂಹಾಸನ ಎಂಬರ್ಥದ ಹೆಸರುಗಳನ್ನಿಟ್ಟರು. ಬ್ರೈಸಿನಲ್ಲಿ ಸಾವಿರಾರು ಕಲ್ಲುಕಂಬಗಳು ಮೆರವಣಿಗೆ ಹೊರಟಂತೆ ನಿಂತಿವೆ. ವರ್ಷದಲ್ಲಿ ಸುಮಾರು 170ರಿಂದ 200 ದಿನ ಬಿರುಕುಗಳಲ್ಲಿ ಸೇರಿದ ನೀರು ರಾತ್ರಿ ಹೆಪ್ಪುಗಟ್ಟಿ ಹಗಲು ಕರಗುತ್ತದೆ. ಆ ಹಿಗ್ಗುವಿಕೆಯೇ ಅಲ್ಲಿಯ ಶಿಲ್ಪಿ. ಮಕ್ಕಳಿಬ್ಬರೂ ಉದ್ಯಾನದ ಪುಸ್ತಿಕೆಯಲ್ಲಿನ ಪಾಠಗಳನ್ನು ಬರೆದು ಮುಗಿಸಿ, ಪ್ರಕೃತಿಯನ್ನು ಕಾಯುವುದಾಗಿ ಕೈಯೆತ್ತಿ ಪ್ರಮಾಣ ಮಾಡಿ ಕಿರಿಯ ವನಪಾಲಕರ ಬಿಲ್ಲೆ ಪಡೆದರು. ಬಂಡೆಗೆ ಕೆಂಪು ಬಣ್ಣ ಹೇಗೆ ಬಂತೆಂದು ಮೊಮ್ಮಗ ಕೇಳಿದ್ದಕ್ಕೆ, ಕಲ್ಲಿನೊಳಗಿನ ಕಬ್ಬಿಣ ತುಕ್ಕು ಹಿಡಿದು ಕೆಂಪಾಗುತ್ತದೆ ಎಂದು ಅಲ್ಲಿಯ ವನಪಾಲಕಿ ವಿವರಿಸಿದರು. ಆ ಮಾತು ನನ್ನ ಮನಸ್ಸಿನಲ್ಲಿ ಕುಳಿತುಬಿಟ್ಟಿತು. ಅಂತಹ ಕೆಂಪನ್ನು ನಾನು ಎಲ್ಲಿಯೋ ಕಂಡಿದ್ದೆ. ಬೀದರಿಗೆ ಹೋಗುವ ಬಸ್ಸಿನ ಕಿಟಕಿಯಿಂದ, ಕಮಲಾಪುರದ ಬಳಿ, ನೂರಾರು ಬಾರಿ. ಒಮ್ಮೆಯೂ ಇಳಿದಿರಲಿಲ್ಲ.

ಕಮಲಾಪುರದ ಮುರಕಲ್ಲು

ಡಿಸೆಂಬರಿನಲ್ಲಿ ಮಗಳ ಕುಟುಂಬ ಕ್ರಿಸ್ತಜಯಂತಿಗೆ ಕಲಬುರಗಿಗೆ ಬಂದಿತು. ಈ ಬಾರಿ ಮಂಗಳೂರಿಗೆ ಹೊರಡುವ ಮುನ್ನ ಒಂದು ದಿನ ನಮ್ಮ ನೆಲವನ್ನು ನೋಡೋಣವೆಂದು ನಾನೇ ಸೂಚಿಸಿದೆ. ಮಗಳು ಆಶ್ಚರ್ಯದಿಂದ ನನ್ನ ಮುಖ ನೋಡಿದಳು.

ಡಿಸೆಂಬರ್ 28ರ ಬೆಳಗ್ಗೆ ಬಾಡಿಗೆ ಕಾರಿನಲ್ಲಿ ಹುಮನಾಬಾದ್ ಹೆದ್ದಾರಿ ಹಿಡಿದೆವು. ಊರು ದಾಟಿದೊಡನೆ ಎರಡೂ ಬದಿಗೆ ಎರೆಭೂಮಿ. ಕಟಾವಿಗೆ ಬಂದ ತೊಗರಿ ಒಂದೆಡೆ, ಹಸಿರಾಗಿ ನಿಂತ ಬಿಳಿಜೋಳ ಇನ್ನೊಂದೆಡೆ. ಈ ಕಪ್ಪು ಮಣ್ಣು ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಭೂಮಿಯ ಬಿರುಕುಗಳಿಂದ ಉಕ್ಕಿ ಹರಡಿದ ಲಾವಾರಸದ ಕಲ್ಲು ಸವೆದು ಆದದ್ದು. ತೇವವನ್ನು ಹಿಡಿದಿಟ್ಟುಕೊಳ್ಳುವ ಗುಣ ಅದಕ್ಕಿದೆ. ಮಳೆ ನಿಂತು ತಿಂಗಳುಗಳಾದರೂ ಬಿಳಿಜೋಳ ಬೆಳೆಯುವುದು ಆ ಗುಣದಿಂದಲೇ. 2019ರಲ್ಲಿ ಗುಲಬರ್ಗದ ತೊಗರಿಬೇಳೆಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆ. ನಾಡಿನ ಎಷ್ಟೋ ಮನೆಗಳ ಸಾರಿಗೆ ಬೇಳೆ ಕೊಡುವ ನೆಲವನ್ನು ನಾನು ಬರಡೆಂದು ಕರೆದಿದ್ದೆ.

ಕಲಬುರಗಿಯಿಂದ ನಲವತ್ತು ಕಿಲೋಮೀಟರಿಗೆ ಸಮೀಪದಲ್ಲಿ ಕಮಲಾಪುರ. ಅಲ್ಲಿ ನೆಲ ಬಣ್ಣ ಬದಲಿಸುತ್ತದೆ. ಕಪ್ಪು ಸರಿದು ಕೆಂಪು ಕಾಣುತ್ತದೆ, ದಾರಿ ದಿಬ್ಬ ತಗ್ಗುಗಳ ನಡುವೆ ಬಳಸುತ್ತದೆ. ರಸ್ತೆಗಾಗಿ ಕಡಿದ ಗುಡ್ಡದ ಬದಿಯಲ್ಲಿ ಕಾರು ನಿಲ್ಲಿಸಿದೆವು. ಮೊಮ್ಮಗ ಒಂದು ಕಲ್ಲನ್ನೆತ್ತಿ, "ಅಜ್ಜ, ಇದು ಝಯಾನಿನ ಕಲ್ಲಿನ ಬಣ್ಣವೇ" ಎಂದ. ನಾನು ಅದನ್ನು ಕೈಗೆ ತೆಗೆದುಕೊಂಡೆ. ಜೇನುಗೂಡಿನಂತೆ ತೂತು ತೂತಾದ, ಇಟ್ಟಿಗೆಯ ಬಣ್ಣದ ಕಲ್ಲು. ನನ್ನ ಹುಟ್ಟೂರಿನ ಮನೆಯ ಗೋಡೆ, ಬಾವಿಯ ಕಟ್ಟೆ, ನಾನು ಜ್ಞಾನಸ್ನಾನ ಪಡೆದ ದೇವಾಲಯದ ಅಡಿಪಾಯ ಎಲ್ಲವೂ ಕಟ್ಟಿರುವುದು ಇಂತಹುದೇ ಕಲ್ಲಿನಿಂದ. ನಮ್ಮ ಕಡೆ ಅದಕ್ಕೆ ಮುರಕಲ್ಲು ಎನ್ನುತ್ತಾರೆ. 1800-01ರಲ್ಲಿ ದಕ್ಷಿಣ ಭಾರತವನ್ನು ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಮಲಬಾರಿನಲ್ಲಿ ಈ ಕಲ್ಲನ್ನು ಕಂಡು, 1807ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟ. ಯೂಟಾದ ಕೆಂಪು ಬಂಡೆ ಪ್ರಾಚೀನ ಮರುಭೂಮಿಯ ಮರಳುದಿಬ್ಬಗಳು ಗಟ್ಟಿಯಾಗಿ ಆದದ್ದು. ಕಮಲಾಪುರ, ಹುಮನಾಬಾದ್, ಬೀದರಿನ ಈ ಕಲ್ಲು ಲಾವಾಶಿಲೆ ಮಳೆಬಿಸಿಲಿಗೆ ಸಿಕ್ಕಿ ಶಿಥಿಲಗೊಂಡು ಆದದ್ದು. ಹುಟ್ಟು ಬೇರೆಯಾದರೂ ಕೆಂಪಿಗೆ ಕಾರಣ ಒಂದೇ, ಕಬ್ಬಿಣ. ನಲವತ್ತಾರು ವರ್ಷ ಪರಸ್ಥಳವೆಂದು ಬಗೆದ ನೆಲದಲ್ಲಿ ನನ್ನ ತವರಿನ ಕಲ್ಲೇ ಇದ್ದಿತು. ಅದನ್ನು ತಿಳಿಯಲು ನಾನು ಅರಿಜೋನಾಕ್ಕೆ ಹೋಗಿಬರಬೇಕಾಯಿತು.

ಮೊಮ್ಮಗ ಕಲ್ಲನ್ನು ಮತ್ತೆ ಇದ್ದಲ್ಲಿಯೇ ಇಟ್ಟ. ಇಲ್ಲಿ ಯಾರೂ ಬೇಡವೆನ್ನುವುದಿಲ್ಲ, ಬೇಕಾದರೆ ತೆಗೆದುಕೋ ಎಂದೆ. "ಅಲ್ಲಿ ತೆಗೆಯಬಾರದೆಂದು ಪ್ರಮಾಣ ಮಾಡಿದ್ದೇನೆ. ಇಲ್ಲಿ ಮಾತ್ರ ತೆಗೆಯಬಹುದೇ?" ಎಂದು ಅವನು ಕೇಳಿದ.

ಕಮಲಾಪುರದಲ್ಲಿ ಕೆಂಪು ಬಾಳೆಹಣ್ಣು ಕೊಂಡೆವು. ಭೌಗೋಳಿಕ ಗುರುತು ಪಡೆದ ಈ ಹಣ್ಣು ಈ ಊರಿನ ಮತ್ತು ಸುತ್ತಲಿನ ಕಣಿವೆಯ ಇಳಿಜಾರುಗಳಲ್ಲಿ ಬೆಳೆಯುವಂತಹುದು. ಬೇರೆ ಬಾಳೆ ಒಂದು ವರ್ಷದಲ್ಲಿ ಫಲ ಕೊಟ್ಟರೆ, ಇದಕ್ಕೆ ಹದಿನೆಂಟು ತಿಂಗಳಷ್ಟು ಕಾಲ ಬೇಕು. ಗೊಬ್ಬರ, ನೀರು, ಆರೈಕೆ ಎಲ್ಲವೂ ಹೆಚ್ಚು. ಹೀಗಾಗಿ ಬೆಳೆಯುವವರು ಕಡಿಮೆ. ಹಣ್ಣು ಮಾರುತ್ತಿದ್ದ ರೈತರು ಮೊಮ್ಮಗಳ ಕೈಗೆ ಒಂದನ್ನು ಸುಮ್ಮನೆ ಕೊಟ್ಟು, "ತಿನ್ನವ್ವ, ಇದು ನಮ್ಮ ಊರಾಗ ಬಿಟ್ರ ಬ್ಯಾರೆ ಕಡಿ ಸಿಗಂಗಿಲ್ಲ" ಎಂದರು. ಕಮಲಾಪುರದ ಬಳಿಯೇ ಮರಗುತ್ತಿಯಲ್ಲಿ ಗುಡ್ಡವನ್ನು ಕೊರೆದು 1.67 ಕಿಲೋಮೀಟರ್ ಉದ್ದದ ರೈಲು ಸುರಂಗ ಮಾಡಿದ್ದಾರೆ. 110 ಕಿಲೋಮೀಟರಿನ ಬೀದರ್–ಕಲಬುರಗಿ ರೈಲುಮಾರ್ಗ 2017ರ ಅಕ್ಟೋಬರ್ 29ರಂದು ಉದ್ಘಾಟನೆಯಾಯಿತು. ಆ ಸುರಂಗ ದಾಟಿ ಎಷ್ಟೋ ಬಾರಿ ಹೋದ ನಾನು ಅದರ ಮೇಲಿರುವ ಗುಡ್ಡವನ್ನು ಕಂಡದ್ದು ಅಂದೇ.

ತಾಂಡಾದ ನೀರು

ಕಮಲಾಪುರದಿಂದ ಚಿಂಚೋಳಿಯ ಕಡೆಗೆ ಹೊರಟೆವು. ಅಲ್ಲಿಯ ಅರಣ್ಯವನ್ನು 2011ರಲ್ಲಿ ವನ್ಯಜೀವಿಧಾಮವೆಂದು ಘೋಷಿಸಲಾಯಿತು. ವಿಸ್ತೀರ್ಣ 134.88 ಚದರ ಕಿಲೋಮೀಟರ್. ದಕ್ಷಿಣ ಭಾರತದ ಮೊದಲ ಒಣಭೂಮಿ ವನ್ಯಜೀವಿಧಾಮವೆಂದು ಅದಕ್ಕೆ ಖ್ಯಾತಿ. ಕೃಷ್ಣಮೃಗ, ಕೊಂಡುಕುರಿ, ತೋಳ, ಕತ್ತೆಕಿರುಬ, ನರಿಗಳು ಅಲ್ಲಿವೆ. ನಾವು ಕಂಡದ್ದು ಹಕ್ಕಿಗಳನ್ನು ಮಾತ್ರ. ಗ್ರಾಂಡ್ ಕ್ಯಾನ್ಯನ್ನಿನ ಭವ್ಯತೆ ಇಲ್ಲಿದೆ ಎಂದರೆ ಸುಳ್ಳಾಗುತ್ತದೆ. ಇಲ್ಲಿರುವುದು ಸಣ್ಣ ಗುಡ್ಡಗಳು, ಎಲೆ ಉದುರಿಸುವ ಮರಗಳು, ಮಳೆಗಾಲದಲ್ಲಿ ಮಾತ್ರ ಭೋರ್ಗರೆಯುವ ಎತ್ತಿಪೋತ ಜಲಪಾತ, ಕಾಡಿನ ನಡುವೆ ಚಂದ್ರಂಪಳ್ಳಿಯ ಜಲಾಶಯ. ಈ ಕಣಿವೆಗಳ ನೀರು ಮುಲ್ಲಾಮಾರಿಯನ್ನು ಸೇರಿ, ಕಾಗಿಣೆಯ ಮೂಲಕ ಭೀಮೆಗೆ ಹೋಗುತ್ತದೆ. ಕಂದರವನ್ನು ಕಂಡು ನಾವು ಮೂಕರಾಗಿದ್ದೆವು. ಇಲ್ಲಿ ಮಾತು ಮೆಲ್ಲಗಾಯಿತು.

ಕಾಡಿನೊಳಗೆ ಲಂಬಾಣಿ ಜನರ ತಾಂಡಾಗಳಿವೆ. ಒಂದು ಮನೆಯ ಮುಂದೆ ದಾರಿ ಕೇಳಲು ನಿಂತೆವು. ಅಂಗಳದಲ್ಲಿ ಕುಳಿತಿದ್ದ ಅಜ್ಜಿ, "ಮೊದಲ ನೀರ ಕುಡೀರಿ, ಆಮ್ಯಾಲ ದಾರಿ ಹೇಳ್ತೀನಿ" ಎಂದು ಒಳಗಿನಿಂದ ತಂಬಿಗೆ ತರಿಸಿದರು. ನಮ್ಮ ಕಾರಿನಲ್ಲಿ ನೀರಿನ ಬಾಟಲಿಗಳ ಪೆಟ್ಟಿಗೆಯೇ ಇದ್ದಿತು. ನನ್ನ ಪತ್ನಿ ಏನೂ ಹೇಳದೆ ತಂಬಿಗೆ ತೆಗೆದುಕೊಂಡು ಕುಡಿದಳು, ಮಕ್ಕಳಿಗೂ ಕುಡಿಸಿದಳು. ಮಗಳು ಅಮೆರಿಕದಲ್ಲಿರುವುದನ್ನು ಕೇಳಿ ಅಜ್ಜಿ, "ಅಷ್ಟು ದೂರ ಯಾಕ?" ಎಂದರು.

"ದುಡೀಲಿಕ್ಕೆ ಹೋಗ್ಯಾರ" ಎಂದಳು ನನ್ನ ಪತ್ನಿ.

"ನಮ್ಮ ಹುಡುಗ್ರೂ ದುಡೀಲಿಕ್ಕೇ ಹೋಗ್ಯಾರ್ರೀ, ಪುಣಾಕ್ಕ. ಹೋಳಿ ಹಬ್ಬಕ್ಕ ಬರ್ತಾರ. ನಿಮ್ಮವ್ರು ಬಂದಾರ, ನಮ್ಮವ್ರು ಬರಬೇಕಾಗ್ಯದ."

ಇಬ್ಬರು ಅಜ್ಜಿಯರೂ ಸ್ವಲ್ಪ ಹೊತ್ತು ಸುಮ್ಮನೆ ಕುಳಿತರು. ಸುಗ್ಗಿಯ ನಂತರ ಮುಂಬಯಿ, ಪುಣೆ, ಹೈದರಾಬಾದುಗಳಿಗೆ ಕಟ್ಟಡದ ಕೆಲಸಕ್ಕೆ ಗುಳೆ ಹೋಗುವುದು ಈ ತಾಂಡಾಗಳ ಹಳೆಯ ಸಂಕಟ. ಕಾಲಕಾಲದಿಂದ ಬಾಳಿದ ನೆಲಕ್ಕೆ ಕಾಗದಪತ್ರವಿಲ್ಲದಿರುವುದು ಇನ್ನೊಂದು ಸಂಕಟ. 2023ರ ಜನವರಿ 19ರಂದು ನಮ್ಮ ಜಿಲ್ಲೆಯ ಮಳಖೇಡದಲ್ಲಿ ಐದು ಜಿಲ್ಲೆಗಳ ಸುಮಾರು 52 ಸಾವಿರ ತಾಂಡಾ ಕುಟುಂಬಗಳಿಗೆ ಹಕ್ಕುಪತ್ರ ನೀಡುವ ಕಾರ್ಯ ಆರಂಭವಾಯಿತು.

ಮೊಮ್ಮಗಳು, "ಇವರು ಕಾಡಿನೊಳಗೇ ಇರಬಹುದೇ? ಅಲ್ಲಿ ಮನೆಗಳೇ ಇರಲಿಲ್ಲವಲ್ಲ" ಎಂದು ಕೇಳಿದಳು. ಅಲ್ಲಿಯೂ ಇದ್ದವು, ತೆಗೆಸಿದರು ಎಂದು ಅವಳ ತಾಯಿ ಹೇಳಿದಳು. ಜಗದ್ಗುರು ಫ್ರಾನ್ಸಿಸರು 2015ರಲ್ಲಿ ಹೊರಡಿಸಿದ ಲೌದಾತೊ ಸೀ ವಿಶ್ವಪತ್ರದ ಒಂದು ಮುಖ್ಯ ಬೋಧನೆ ನನಗೆ ನೆನಪಾಯಿತು. ಭೂಮಿಯ ಅಳಲೂ ಬಡವರ ಅಳಲೂ ಬೇರೆಬೇರೆಯಲ್ಲ, ಒಂದನ್ನು ಕೇಳಿಸಿಕೊಳ್ಳುವವನು ಇನ್ನೊಂದಕ್ಕೆ ಕಿವುಡಾಗಬಾರದು ಎಂಬುದು ಅದರ ತಿರುಳು. ವಿಶ್ವಪತ್ರವನ್ನು ನಾನು ಬಹಳ ಹಿಂದೆಯೇ ಓದಿದ್ದೆ. ಅದರ ಅರ್ಥ ಆ ತಂಬಿಗೆಯ ನೀರಿನಲ್ಲಿ ದೊರೆಯಿತು.

ಜಲಾಶಯದ ದಂಡೆಯಲ್ಲಿ ಬುತ್ತಿ ಬಿಚ್ಚಿದೆವು. ಸುತ್ತಲೂ ಹಿಂದಿನವರು ಬಿಟ್ಟುಹೋದ ಪ್ಲಾಸ್ಟಿಕ್ ತಟ್ಟೆ, ಲೋಟ, ಬಾಟಲಿ. ಮಕ್ಕಳಿಬ್ಬರೂ ಊಟಕ್ಕೆ ಮುನ್ನವೇ ಅವನ್ನು ಆಯತೊಡಗಿದರು. ಸುಮ್ಮನೆ ಕೂರಲು ನಾಚಿಕೆಯಾಗಿ ನಾವೂ ಬಾಗಿದೆವು. ಹದಿನೈದು ನಿಮಿಷದಲ್ಲಿ ಎರಡು ಚೀಲ ತುಂಬಿದವು. ಇನ್ನೂ ಬಹಳ ಉಳಿಯಿತು.

ಆಶ್ರಯ ಕೊಟ್ಟ ನೆಲ

ಹಿಂದಿರುಗುವಾಗ ಸಂಜೆಯಾಗಿತ್ತು. ಮಕ್ಕಳು ನಿದ್ದೆಹೋಗಿದ್ದರು. ಕತ್ತಲಲ್ಲಿ ಮಗಳು, "ಪಪ್ಪಾ, ಇದು ಇಷ್ಟು ಹತ್ತಿರವಿತ್ತು. ನಮಗೆ ಒಮ್ಮೆಯೂ ತೋರಿಸಲಿಲ್ಲವಲ್ಲ" ಎಂದಳು. ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಉತ್ತರಿಸುವುದು ಸುಲಭವಾಗುತ್ತಿತ್ತು. ನಾನು ನೋಡಿರಲಿಲ್ಲ, ಆದುದರಿಂದ ತೋರಿಸಲಿಲ್ಲ ಎಂದಷ್ಟೇ ಹೇಳಿದೆ. ಹುಟ್ಟಿ ಬೆಳೆದ ಊರಿನ ಮೇಲೆ ಮಕ್ಕಳಿಗೆ ಪ್ರೀತಿಯಿಲ್ಲವೆಂದು ನಾವು ದೂರುತ್ತೇವೆ. ಆ ಊರನ್ನು ಅವರ ಮುಂದೆ ಹಳಿಯುತ್ತ ಬಂದವರು ನಾವೇ ಎಂಬುದನ್ನು ಮರೆಯುತ್ತೇವೆ.

ಮರುದಿನ, ಡಿಸೆಂಬರ್ 29ರ ಭಾನುವಾರ, ಪವಿತ್ರ ಕುಟುಂಬದ ಹಬ್ಬ. ಅಂದೇ ಜಗತ್ತಿನ ಎಲ್ಲ ಧರ್ಮಕ್ಷೇತ್ರಗಳಲ್ಲಿ 2025ರ ಜೂಬಿಲಿ ವರ್ಷಕ್ಕೆ ಚಾಲನೆ ದೊರೆಯಿತು. ಭರವಸೆಯ ಯಾತ್ರಿಕರು ಎಂಬುದು ಆ ವರ್ಷದ ಧ್ಯೇಯ. ಅದನ್ನು ಸಾರಿದ ಜಗದ್ಗುರು ಫ್ರಾನ್ಸಿಸರು 2025ರ ಏಪ್ರಿಲ್ 21ರಂದು ಪ್ರಭುವಿನ ಮನೆಗೆ ತೆರಳಿದರು. ನಮ್ಮ ಕಲಬುರಗಿ ಧರ್ಮಕ್ಷೇತ್ರ ಸ್ಥಾಪನೆಯಾದದ್ದು 2005ರ ಜೂನ್ 24ರಂದು. ಮೊದಲ ಧರ್ಮಾಧ್ಯಕ್ಷರಾದ ಪೂಜ್ಯ ರಾಬರ್ಟ್ ಮೈಕಲ್ ಮಿರಾಂಡರೂ ಹೊರಗಿನಿಂದ ಬಂದವರೇ. ಇಲ್ಲಿಯ ದೇವಾಲಯಗಳಲ್ಲಿ ನಮ್ಮಂತೆ ನೌಕರಿಯ ಸಲುವಾಗಿ ಬಂದವರೂ ಈ ಮಣ್ಣಿನಲ್ಲಿಯೇ ಹುಟ್ಟಿದವರೂ ಒಂದೇ ಪೀಠದ ಮುಂದೆ ನಿಲ್ಲುತ್ತಾರೆ. ಆ ಭಾನುವಾರ ಬಲಿಪೂಜೆಯಲ್ಲಿ ಕುಳಿತು ಈಜಿಪ್ಟಿನ ಬಗ್ಗೆ ಯೋಚಿಸಿದೆ. ಈಜಿಪ್ಟು ಪವಿತ್ರ ಕುಟುಂಬಕ್ಕೆ ತವರಲ್ಲ. ಆದರೆ ತವರು ಕಾಯದೇ ಇದ್ದಾಗ ಕಾಯ್ದ ನೆಲ ಅದು. ಜೋಸೆಫರು ಅಲ್ಲಿಯ ಬಿಸಿಲನ್ನು ಹಳಿದರೆಂದು ಸಂತ ಮತ್ತಾಯರು ಎಲ್ಲಿಯೂ ಬರೆದಿಲ್ಲ.

ಈ ಪುಟವನ್ನು ಓದುವ ಕುಟುಂಬಗಳಲ್ಲಿ ನನ್ನದೊಂದು ಕೋರಿಕೆ. ಮುಂದಿನ ರಜೆಯಲ್ಲಿ ವೇಲಾಂಕಣಿಗೋ ಗೋವೆಗೋ ಹೋಗಿರಿ, ಅನುಕೂಲವಿದ್ದರೆ ಅಮೆರಿಕಕ್ಕೂ ಹೋಗಿರಿ. ಆದರೆ ಅದಕ್ಕೆ ಮುನ್ನ ಒಂದು ದಿನವನ್ನು ನೀವು ಉಣ್ಣುವ ಅನ್ನ ಬೆಳೆಯುವ ನೆಲಕ್ಕೆ ಮೀಸಲಿಡಿರಿ. ಬುತ್ತಿ ಕಟ್ಟಿಕೊಳ್ಳಿರಿ, ಪ್ಲಾಸ್ಟಿಕ್ ಬಿಟ್ಟುಬರಬೇಡಿರಿ. ಮಕ್ಕಳನ್ನೂ ಮನೆಯ ಹಿರಿಯರನ್ನೂ ಒಂದೇ ಆಸನದಲ್ಲಿ ಕೂರಿಸಿರಿ. ದಾರಿಯಲ್ಲಿ ಯಾರಾದರೂ ನೀರು ಕೊಟ್ಟರೆ ಕುಡಿಯಿರಿ. ನಿಮ್ಮ ನೆಲ ಹೇಗಿದೆ ಎಂದು ನಾಳೆ ಯಾರಾದರೂ ಕೇಳಿದಾಗ ನಿಮ್ಮ ಮಕ್ಕಳ ಬಾಯಲ್ಲಿ ಒಂದು ಉತ್ತರವಿರಲಿ.

ನನ್ನ ಮೊಮ್ಮಗನ ಬಾಯಲ್ಲಿ ಈಗ ಉತ್ತರವಿದೆ. ಫೀನಿಕ್ಸಿಗೆ ಮರಳಿದ ಮೇಲೆ ಅವನ ಶಾಲೆಯಲ್ಲಿ ರಜೆಯ ಬಗ್ಗೆ ಬರೆಯಲು ಹೇಳಿದರಂತೆ. ಮಗಳು ಅದನ್ನು ಫೋನಿನಲ್ಲಿ ಓದಿ ಹೇಳಿದಳು. ನಮ್ಮ ಅಜ್ಜನ ಊರಿನಲ್ಲಿ ಕಪ್ಪು ಮಣ್ಣೂ ಇದೆ, ಕೆಂಪು ಮಣ್ಣೂ ಇದೆ, ಬಾಳೆಹಣ್ಣು ಸಹ ಕೆಂಪಗಿದೆ, ಕಾಡಿನಲ್ಲಿ ಒಬ್ಬರು ಅಜ್ಜಿ ಇದ್ದಾರೆ ಎಂದು ಅವನು ಬರೆದಿದ್ದಾನೆ. ಬರಡು ಎಂಬ ಮಾತು ಅದರಲ್ಲಿ ಇಲ್ಲ.